ಮೈಯಲ್ಲಿ ಕೂತ ಭಯವನ್ನು ಮೈಯಿಂದಲೇ ಸಡಿಲಿಸುವುದು: ಎಲ್ಲಿಂದ ಶುರು ಮಾಡಬೇಕು?

ಅಪಘಾತವಾಗಿ ಎರಡು ವರ್ಷ ಕಳೆದಿತ್ತು. ಮೂಳೆ ಕೂಡಿತ್ತು, ಗಾಯದ ಗುರುತೂ ಮಾಸುತ್ತಾ ಬಂದಿತ್ತು. ಆದರೂ ಹಿಂದೆ ಎಲ್ಲೋ ಬ್ರೇಕ್ ಕಿರ್ ಎಂದರೆ ಸಾಕು, ನನ್ನ ಎದೆ ಝಲ್ ಎನ್ನುತ್ತಿತ್ತು. ಭುಜಗಳು ಕಿವಿಯ ತನಕ ಏರುತ್ತಿದ್ದವು. ಅಂಗೈ ಒದ್ದೆಯಾಗುತ್ತಿತ್ತು. ಎಲ್ಲಾ ಮುಗಿದುಹೋಗಿದೆ ಎಂದು ತಲೆಗೆ ಗೊತ್ತಿತ್ತು. ಮೈಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ.

ಆಗ ಒಂದು ವಿಶ್ರಾಂತಿ ತರಗತಿಗೆ ಸೇರಿದೆ. ಮೊದಲ ದಿನವೇ ಕಣ್ಣು ಮುಚ್ಚಿ, ಆಳವಾಗಿ ಉಸಿರೆಳೆದು, ಮೈಯೊಳಗೆ ಏನಾಗುತ್ತಿದೆ ನೋಡಿ ಎಂದರು. ಐದು ನಿಮಿಷಕ್ಕೆ ಉಸಿರು ಕಟ್ಟಿದ ಹಾಗಾಗಿ ಎದ್ದು ಹೊರಗೆ ಬಂದುಬಿಟ್ಟೆ. ತಪ್ಪು ನನ್ನದೇ ಅಂದುಕೊಂಡು ತಿಂಗಳುಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಥೆರಪಿಸ್ಟ್ ಒಬ್ಬರ ಜೊತೆ ಕೂತಾಗ ವಿಷಯ ಗೊತ್ತಾಯಿತು. ಹೆದರಿದ ಮೈಗೆ ಒಂದೇ ಸಲ ಅಷ್ಟು ಒಳಗೆ ನೋಡು ಎಂದರೆ ಅದು ಇನ್ನೂ ಹೆದರುತ್ತದೆ. ನನಗೆ ಆಮೇಲೆ ಇಡಬೇಕಾದ ಹೆಜ್ಜೆಯನ್ನು ಮೊದಲು ಇಡಿಸಿದ್ದರು, ಅಷ್ಟೇ.

ಅದಕ್ಕೇ ಈ ಲೇಖನದಲ್ಲಿ ಅಭ್ಯಾಸಗಳಿಗಿಂತ ಅವುಗಳ ಕ್ರಮಕ್ಕೆ ಜಾಸ್ತಿ ಬೆಲೆ ಕೊಟ್ಟಿದ್ದೇನೆ. ಅವಸರ ಮಾಡಬೇಡಿ. ಒಂದು ಹೆಜ್ಜೆ ಹಿತವಾಗುವ ತನಕ ಮುಂದಿನದಕ್ಕೆ ಹೋಗಬೇಡಿ.

ಮೈಯೊಳಗೆ ಆಗುವುದೇನು

ಅಪಾಯ ಎದುರಾದಾಗ ಮಿದುಳಿನ ಅಮಿಗ್ಡಲ ಎಂಬ ಪುಟ್ಟ ಭಾಗ ಎಚ್ಚರಿಕೆ ಕೊಡುತ್ತದೆ. ಅಡ್ರಿನಲಿನ್ ಎಂಬ ಹಾರ್ಮೋನ್ ಹರಿಯುತ್ತದೆ, ಹಿಂದೆಯೇ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಬರುತ್ತದೆ. ಎದೆಬಡಿತ ಜೋರಾಗುತ್ತದೆ, ರಕ್ತ ಕೈಕಾಲಿನ ಸ್ನಾಯುಗಳ ಕಡೆ ನುಗ್ಗುತ್ತದೆ, ಜೀರ್ಣದ ಕೆಲಸ ಹಿಂದೆ ಸರಿಯುತ್ತದೆ. ಹೋರಾಡಲು ಇಲ್ಲವೇ ಓಡಲು ಮೈ ಹೀಗೆ ಸಜ್ಜಾಗುವುದನ್ನು ಅಮೆರಿಕದ ಶರೀರ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು.

ಮೂರನೆಯ ದಾರಿಯೂ ಒಂದಿದೆ. ಹೋರಾಡಲೂ ಆಗದೆ, ಓಡಲೂ ಆಗದೆ ಇದ್ದಾಗ ಮೈ ಕಲ್ಲಾಗುತ್ತದೆ. ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ, ದನಿ ಹೊರಡುವುದಿಲ್ಲ. ಎಷ್ಟೋ ಜನ 'ನಾನು ಯಾಕೆ ಕೂಗಲಿಲ್ಲ, ಯಾಕೆ ತಡೆಯಲಿಲ್ಲ' ಎಂದು ವರ್ಷಗಟ್ಟಲೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ನೀವೂ ಅವರಲ್ಲಿ ಒಬ್ಬರಾಗಿದ್ದರೆ ದಯವಿಟ್ಟು ಕೇಳಿ: ಅದು ನೀವು ಯೋಚಿಸಿ ಮಾಡಿದ ತೀರ್ಮಾನ ಆಗಿರಲಿಲ್ಲ. ಕಣ್ಣಿಗೆ ಧೂಳು ಬಂದಾಗ ರೆಪ್ಪೆ ಮುಚ್ಚುವ ಹಾಗೆ ಮೈ ತಾನಾಗಿ ಮಾಡಿದ್ದು ಅದು.

ಸಾಮಾನ್ಯವಾಗಿ ಅಪಾಯ ಕಳೆದ ಮೇಲೆ ಈ ಎಚ್ಚರ ಇಳಿಯುತ್ತದೆ. ಕೆಲವರಲ್ಲಿ ಪೂರ್ತಿ ಇಳಿಯುವುದಿಲ್ಲ. ಸಣ್ಣ ಸದ್ದು, ಒಂದು ವಾಸನೆ, ಯಾರೋ ಹಿಂದಿನಿಂದ ಬಂದು ನಿಂತದ್ದು, ಯಾವುದಾದರೂ ಸಾಕು, ಮೈ ಮತ್ತೆ ಹಳೆಯ ದಿನಕ್ಕೆ ಹೋಗಿಬಿಡುತ್ತದೆ. ಇಂಥ ಸ್ಥಿತಿ ಒಂದು ತಿಂಗಳಿಗಿಂತ ಜಾಸ್ತಿ ಉಳಿದು, ಕೆಟ್ಟ ಕನಸು, ಬೆಚ್ಚಿಬೀಳುವುದು, ಆ ನೆನಪಿನಿಂದ ತಪ್ಪಿಸಿಕೊಂಡು ಓಡಾಡುವುದು ಎಲ್ಲಾ ಸೇರಿಕೊಂಡು ಬದುಕಿಗೆ ಅಡ್ಡಿಯಾದರೆ ವೈದ್ಯರು ಅದನ್ನು ಪಿಟಿಎಸ್‌ಡಿ (ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್, ಅಂದರೆ ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ) ಎನ್ನುತ್ತಾರೆ. ಈ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಸೇರಿದ್ದು 1980ರಲ್ಲಿ.

ಭಯ ಸ್ನಾಯುವಿನೊಳಗೆ ಗಂಟಾಗಿ ಕೂತಿದೆ ಎಂದು ಕೆಲವರು ಹೇಳುತ್ತಾರೆ. ಮಾತಿಗೆ ಸರಿ, ಅಕ್ಷರಶಃ ಹಾಗಿಲ್ಲ. ಉಳಿದಿರುವುದು ಮಿದುಳು ಮತ್ತು ನರಗಳ ಕಲಿಕೆ. ಅದು ಬಿಗಿದ ದವಡೆಯಲ್ಲಿ, ಮೇಲೆ ಮೇಲೆ ಆಡುವ ಉಸಿರಿನಲ್ಲಿ ಕಾಣಿಸಿಕೊಳ್ಳುತ್ತದೆ. ನಮಗೆ ಅನುಕೂಲವಾದ ಸಂಗತಿ ಒಂದಿದೆ. ಮಿದುಳಿನಿಂದ ಎದೆ, ಹೊಟ್ಟೆಯ ತನಕ ಇಳಿಯುವ ವೇಗಸ್ ನರದಲ್ಲಿ ಶೇಕಡಾ 80ರಷ್ಟು ಎಳೆಗಳು ಸುದ್ದಿ ಒಯ್ಯುವುದು ಮೈಯಿಂದ ಮಿದುಳಿಗೆ. ಮಿದುಳು ಮೈಗೆ ಹೇಳುವುದಕ್ಕಿಂತ ಮೈ ಹೇಳಿದ್ದನ್ನು ಅದು ಕೇಳಿಸಿಕೊಳ್ಳುವುದೇ ಜಾಸ್ತಿ.

ಮೈ ಆಧಾರಿತ ಥೆರಪಿಗಳು ಯಾವುವು, ಎಷ್ಟು ನಂಬಬಹುದು

ಪೀಟರ್ ಲೆವಿನ್ ರೂಪಿಸಿದ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್, ಪ್ಯಾಟ್ ಓಗ್ಡನ್ ಅವರ ಸೆನ್ಸರಿಮೋಟರ್ ಸೈಕೋಥೆರಪಿ, ಆಘಾತ ಅನುಭವಿಸಿದವರಿಗೆಂದೇ ಹೊಂದಿಸಿದ ಯೋಗ, ಇವು ಹೆಚ್ಚು ಪರಿಚಿತವಾದವು. ಎಲ್ಲವೂ ಕಥೆಯನ್ನು ಕೆದಕುವ ಮೊದಲು ಮೈಯ ಅನುಭವದ ಕಡೆ ತಿರುಗುತ್ತವೆ.

ಪುರಾವೆ ಇದೆ, ಆದರೆ ಇನ್ನೂ ಸಣ್ಣ ಪ್ರಮಾಣದ್ದು. 2014ರಲ್ಲಿ ಪ್ರಕಟವಾದ ಒಂದು ಅಮೆರಿಕದ ಅಧ್ಯಯನದಲ್ಲಿ, ಬೇರೆ ಚಿಕಿತ್ಸೆಗೆ ಬಗ್ಗದ ಪಿಟಿಎಸ್‌ಡಿ ಇದ್ದ 64 ಮಹಿಳೆಯರು ಭಾಗವಹಿಸಿದ್ದರು. 10 ವಾರಗಳ ಯೋಗದ ನಂತರ ಯೋಗ ಗುಂಪಿನ ಶೇ. 52 ಮಂದಿಯಲ್ಲಿ ಪಿಟಿಎಸ್‌ಡಿ ಎಂದು ಕರೆಯುವಷ್ಟು ಲಕ್ಷಣಗಳು ಉಳಿದಿರಲಿಲ್ಲ. ಹೋಲಿಕೆಗೆಂದು ಇಟ್ಟ, ಯೋಗ ಮಾಡದ ಇನ್ನೊಂದು ಗುಂಪಿನಲ್ಲಿ ಇದು ಶೇ. 21. ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಬಗ್ಗೆ 2017ರ ಒಂದು ಅಧ್ಯಯನ 63 ಜನರ ಮೇಲೆ ನಡೆಯಿತು. ವಾರಕ್ಕೊಂದರಂತೆ 15 ಭೇಟಿ ಮುಗಿಸಿದವರಲ್ಲಿ ತೊಂದರೆ ಗಣನೀಯವಾಗಿ ಇಳಿದಿತ್ತು.

ಇದಕ್ಕಿಂತ ಗಟ್ಟಿ ಪುರಾವೆ ಇರುವುದು ಆಘಾತದ ಮೇಲೆ ಗಮನವಿಟ್ಟು ಮಾಡುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ (ಯೋಚನೆ, ನಡವಳಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್‌ಗೆ (ನೆನಪನ್ನು ಮನಸ್ಸಿಗೆ ತಂದುಕೊಂಡು ಕಣ್ಣನ್ನು ಅತ್ತಿತ್ತ ಆಡಿಸುತ್ತಾ ಮಾಡುವ ಚಿಕಿತ್ಸೆ). ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಪಿಟಿಎಸ್‌ಡಿಗೆ ಸೂಚಿಸಿದ ಚಿಕಿತ್ಸೆಗಳಲ್ಲಿ ಈ ಎರಡೂ ಇವೆ. ಆದ್ದರಿಂದ ಮೈಯ ಅಭ್ಯಾಸವನ್ನು ಇವುಗಳ ಜೊತೆಗಾರನಾಗಿ ನೋಡಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇದನ್ನು ನೆಚ್ಚಿಕೊಂಡು ನಿಲ್ಲಿಸಬೇಡಿ.

ಶುರು ಮಾಡುವ ಮೊದಲು

ಎದೆ ಡವಡವ, ನಡುಕ, ಬೆವರು ಇವು ಥೈರಾಯ್ಡ್ ಅಥವಾ ಹೃದಯದ ತೊಂದರೆಯಿಂದಲೂ ಬರಬಹುದು. ಒಮ್ಮೆ ವೈದ್ಯರಿಗೆ ತೋರಿಸಿ. ಹೃದಯದ ಕಾಯಿಲೆ, ಅಪಸ್ಮಾರ, ಆಸ್ತಮಾ ಇದ್ದರೆ, ಗರ್ಭಿಣಿಯಾಗಿದ್ದರೆ ಮುಂದೆ ಹೇಳುವ ಉಸಿರಿನ ಅಭ್ಯಾಸ ಮತ್ತು ಮುಖಕ್ಕೆ ತಣ್ಣೀರು ಹಾಕಿಕೊಳ್ಳುವ ವಿಷಯದಲ್ಲಿ ಅವರನ್ನು ಕೇಳಿಯೇ ಮುಂದುವರಿಯಿರಿ.

ಸಾಯಬೇಕು ಅನ್ನಿಸುತ್ತಿದ್ದರೆ, ಮೈಗೆ ಗಾಯ ಮಾಡಿಕೊಳ್ಳುತ್ತಿದ್ದರೆ, ಗಂಟೆಗಟ್ಟಲೆ ಎಲ್ಲಿದ್ದೆ ಏನು ಮಾಡಿದೆ ಎಂಬುದೇ ನೆನಪಿರದಿದ್ದರೆ ಒಬ್ಬರೇ ಅಭ್ಯಾಸಕ್ಕೆ ಕೂರಬೇಡಿ. ಇವತ್ತೇ ನಂಬಿಕೆಯ ಒಬ್ಬರಿಗೆ ಹೇಳಿ, ನಿಮ್ಮ ದೇಶದ ಸಹಾಯವಾಣಿಗೆ ಅಥವಾ ಆಸ್ಪತ್ರೆಗೆ ಫೋನ್ ಮಾಡಿ. ಹಿಂಸೆ ಈಗಲೂ ನಡೆಯುತ್ತಿದ್ದರೆ ಮೊದಲು ಬೇಕಾಗಿರುವುದು ಸುರಕ್ಷಿತ ಜಾಗ. ನಿಜವಾದ ಅಪಾಯದ ನಡುವೆ ಕೂತು ಮೈಗೆ ಶಾಂತವಾಗು ಎನ್ನುವುದು ಸರಿಯಲ್ಲ.

ಹೆಜ್ಜೆ 1: ಕಣ್ಣು ತೆರೆದೇ ಇರಲಿ

ಬೆನ್ನಿಗೆ ಗೋಡೆ ಸಿಗುವಂತೆ, ಬಾಗಿಲು ಕಾಣುವಂತೆ ಕೂರಿ. ಹಿಂದೆ ಖಾಲಿ ಜಾಗ ಇದ್ದರೆ ಹೆದರಿದ ಮೈ ಅರ್ಧ ಗಮನವನ್ನು ಅಲ್ಲೇ ಇಟ್ಟಿರುತ್ತದೆ.

ಈಗ ಕೋಣೆಯನ್ನು ನೋಡಿ. ಕಣ್ಣನ್ನಷ್ಟೇ ಓಡಿಸಬೇಡಿ, ಕತ್ತನ್ನೂ ಮೆಲ್ಲಗೆ ತಿರುಗಿಸಿ. ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಹಿಂದಕ್ಕೆ. ಹೊಸ ಜಾಗಕ್ಕೆ ಬಂದ ಬೆಕ್ಕು ಸುತ್ತಲೂ ನೋಡಿ ಆಮೇಲೆ ಕೂರುತ್ತದಲ್ಲ, ಹಾಗೆ. ಕಣ್ಣಿಗೆ ಹಿತವಾದ ಯಾವುದಾದರೂ ಸಿಕ್ಕರೆ ಅಲ್ಲೇ ನಿಲ್ಲಿ. ಗೋಡೆಯ ಮೇಲೆ ಬಿದ್ದ ಬೆಳಕಾಗಬಹುದು, ಒಂದು ಬಣ್ಣ ಆಗಬಹುದು. ಅದನ್ನು ಬಿಡುವಾಗಿ ನೋಡುತ್ತಿರುವಾಗ ತಾನಾಗಿ ಒಂದು ಉದ್ದನೆಯ ಉಸಿರು ಹೊರಬರಬಹುದು, ಆಕಳಿಕೆ ಬರಬಹುದು, ಹೊಟ್ಟೆ ಗುರ್ ಎನ್ನಬಹುದು. ಮೈಯ ಎಚ್ಚರ ಸ್ವಲ್ಪ ಇಳಿಯುತ್ತಿದೆ ಎಂಬುದಕ್ಕೆ ಇವು ಗುರುತು.

ಮೊದಲ ವಾರ ಇಷ್ಟೇ ಮಾಡಿ. ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲ ಎರಡು ನಿಮಿಷ. ಇದೇನು, ಸುಮ್ನೆ ಕೋಣೆ ನೋಡುವುದಾ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ನನ್ನಲ್ಲಿ ಮೊದಲು ಬದಲಾದದ್ದು ಇದರಿಂದಲೇ.

ಹೆಜ್ಜೆ 2: ಆಸರೆ

ಪಾದ ನೆಲಕ್ಕೆ ಊರಿ. ಹಿಮ್ಮಡಿಯನ್ನು ಸ್ವಲ್ಪ ಒತ್ತಿ, ಬಿಡಿ. ಕುರ್ಚಿ ನಿಮ್ಮ ಭಾರವನ್ನು ಎಲ್ಲೆಲ್ಲಿ ಹೊತ್ತಿದೆ ಎಂದು ನೋಡಿ: ತೊಡೆಯಲ್ಲೋ, ಬೆನ್ನಲ್ಲೋ. ಆ ಭಾರವನ್ನು ಅದಕ್ಕೇ ಬಿಟ್ಟುಕೊಡಿ. ಬೇಕಿದ್ದರೆ ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ ಇಟ್ಟುಕೊಳ್ಳಿ. ಕೆಲವರಿಗೆ ಎದೆ, ಹೊಟ್ಟೆ ಮುಟ್ಟಿದರೆ ಕಸಿವಿಸಿ ಆಗುತ್ತದೆ. ಹಾಗಿದ್ದರೆ ಅಂಗೈಯಿಂದ ಮೊಣಕಾಲು ಹಿಡಿದರೂ ಸಾಕು.

ಹೆಜ್ಜೆ 3: ಮೈಯ ಭಾಷೆಗೆ ಹೆಸರು ಕೊಡಿ

ಇದಕ್ಕೆ ನಮ್ಮ ಕನ್ನಡ ಹೇಳಿ ಮಾಡಿಸಿದ ಭಾಷೆ. ಎದೆ ಹಿಂಡಿದ ಹಾಗೆ, ಹೊಟ್ಟೆ ತೊಳಸಿದ ಹಾಗೆ, ಗಂಟಲು ಕಟ್ಟಿದ ಹಾಗೆ, ಕಿವಿ ಗುಂಯ್ ಎಂದ ಹಾಗೆ, ತಲೆ ಧಿಮ್ ಎಂದ ಹಾಗೆ, ಕಾಲು ಜೋಮು ಹಿಡಿದ ಹಾಗೆ. ಮೈ ಜುಮ್ ಎನ್ನುತ್ತದೆ, ಕೈ ಗಡಗಡ ಎನ್ನುತ್ತದೆ, ಕಣ್ಣು ಚುರುಚುರು ಎನ್ನುತ್ತದೆ. ಎಷ್ಟು ನಿಖರವಾದ ಮಾತುಗಳು ಅಲ್ವಾ! ದಿನವೂ ಬಳಸುವ ಈ ಮಾತುಗಳೇ ಈಗ ನಿಮ್ಮ ಸಾಧನ.

'ನನಗೆ ತುಂಬಾ ಭಯ ಆಗ್ತಿದೆ' ಎಂಬ ಮಾತಿನ ಹಿಂದೆ ಒಂದು ದೊಡ್ಡ ಕಥೆ ಇರುತ್ತದೆ. ಅದು ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. 'ಎದೆಯ ನಡುವೆ ಮುಷ್ಟಿಯಷ್ಟು ಜಾಗ ಬಿಗಿಯಾಗಿದೆ, ಸ್ವಲ್ಪ ಬಿಸಿ ಇದೆ' ಎಂದಾಗ ನೀವು ಅದನ್ನು ನೋಡುವವರಾಗುತ್ತೀರಿ. ಎಲ್ಲಿದೆ, ಎಷ್ಟು ದೊಡ್ಡದು, ಬಿಸಿಯೋ ತಣ್ಣಗೋ, ನಿಂತಿದೆಯೋ ಓಡಾಡುತ್ತಿದೆಯೋ, ಇಷ್ಟು ಕೇಳಿಕೊಳ್ಳಿ. ಯಾಕೆ ಬಂತು ಎಂದು ಈಗ ಕೇಳಬೇಡಿ.

ಏನೂ ಗೊತ್ತಾಗುತ್ತಿಲ್ಲ, ಮೈಯೇ ಇಲ್ಲದ ಹಾಗಿದೆ ಎನ್ನುವವರೂ ಇದ್ದಾರೆ. ಅದೂ ಒಂದು ಉತ್ತರವೇ. ನೋವು ತಾಳಲಾರದೆ ಮೈ ಮರಗಟ್ಟಿಕೊಂಡು ನಿಮ್ಮನ್ನು ಕಾಪಾಡಿದೆ. ಬಲವಂತ ಬೇಡ. ಬೆಚ್ಚಗಿನ ಲೋಟ ಹಿಡಿದಾಗ ಬೆರಳಿಗೆ ಏನನ್ನಿಸುತ್ತದೆ ಎಂಬುದರಿಂದ ಶುರು ಮಾಡಿ.

ಹೆಜ್ಜೆ 4: ಹೋಗಿ ಬರುವುದು

ಇಡೀ ಅಭ್ಯಾಸದ ಜೀವಾಳ ಇದು. ಬಿಗಿಯಾದ ಜಾಗದಿಂದ ಹಿತವಾದ ಜಾಗಕ್ಕೆ, ಅಲ್ಲಿಂದ ಮತ್ತೆ ಬಿಗಿಯ ಅಂಚಿಗೆ ಲೋಲಕದ ಹಾಗೆ ಗಮನವನ್ನು ಆಡಿಸುವುದು.

ಮೊದಲು ಮೈಯಲ್ಲಿ ಈಗ ನೆಮ್ಮದಿಯಾಗಿರುವ ಒಂದು ಜಾಗ ಹುಡುಕಿ. ಪೂರ್ತಿ ಹಾಯಾಗಿರಬೇಕೆಂದೇನಿಲ್ಲ, ಉಳಿದ ಕಡೆಗಿಂತ ಪರವಾಗಿಲ್ಲ ಅನ್ನಿಸಿದರೆ ಸಾಕು. ನನಗೆ ಅದು ಎಡಗಾಲಿನ ಹೆಬ್ಬೆರಳು. ಕೆಲವರಿಗೆ ಕಿವಿಯ ತುದಿ, ಮೂಗಿನ ತುದಿ. ಅಲ್ಲಿ ಅರ್ಧ ನಿಮಿಷ ಇರಿ.

ಆಮೇಲೆ ಬಿಗಿಯಿರುವ ಜಾಗದ ಅಂಚನ್ನು ಮಾತ್ರ ಮುಟ್ಟಿ. ನಡುವಿಗೆ ಇಳಿಯಬೇಡಿ. ನೀರಿಗೆ ಇಳಿಯುವ ಮೊದಲು ಕಾಲ್ಬೆರಳು ಅದ್ದಿ ನೋಡುವ ಹಾಗೆ, ಐದು ಹತ್ತು ಸೆಕೆಂಡು. ಅಲ್ಲಿಂದ ಹೆಬ್ಬೆರಳಿಗೆ ವಾಪಸ್ಸು ಬನ್ನಿ. ಬಂದ ಮೇಲೆ ಹೋದದ್ದಕ್ಕಿಂತ ಜಾಸ್ತಿ ಹೊತ್ತು ಅಲ್ಲೇ ಇರಿ. ಹೀಗೆ ಮೂರು ಸಲ ಆದರೆ ಆ ದಿನಕ್ಕೆ ಸಾಕು.

ಹೀಗೆ ಮಾಡುವಾಗ ಮೈ ಒಂದು ಹೊಸ ವಿಷಯ ಕಲಿಯುತ್ತದೆ: ಬಿಗಿ ಬರುತ್ತದೆ, ಹೋಗುತ್ತದೆ, ಅದರಿಂದ ವಾಪಸ್ಸು ಬರಲು ದಾರಿ ಇದೆ. ಆಘಾತ ಆದವರಿಗೆ ಈ ವಾಪಸ್ಸು ಬರುವ ದಾರಿಯೇ ಕಳೆದುಹೋಗಿರುತ್ತದೆ. ಒಳಗೆ ಬಿದ್ದರೆ ಮುಗಿಯಿತು ಎಂಬ ಹೆದರಿಕೆಯಿಂದ ಅವರು ಅಂಚಿಗೂ ಹೋಗುವುದಿಲ್ಲ.

ಘಟನೆಯ ಚಿತ್ರ ತಾನಾಗಿ ಬಂದರೆ ಏನು ಮಾಡುವುದು? ಬಂತು ಎಂದು ಒಪ್ಪಿಕೊಳ್ಳಿ, ಕಣ್ಣನ್ನು ಕೋಣೆಗೆ ತಿರುಗಿಸಿ, ಇವತ್ತಿನ ದಿನಾಂಕವನ್ನು ಬಾಯಿಬಿಟ್ಟು ಹೇಳಿ. ದೊಡ್ಡ ಆಘಾತದ ನೆನಪನ್ನು ಒಬ್ಬರೇ ಬಿಚ್ಚಲು ಕೂರಬೇಡಿ. ಅದು ಥೆರಪಿಸ್ಟ್ ಜೊತೆ ಮಾಡುವ ಕೆಲಸ. ಮನೆಯಲ್ಲಿ ಅಭ್ಯಾಸಕ್ಕೆ ಇವತ್ತು ನಡೆದ ಸಣ್ಣ ಕಿರಿಕಿರಿಯನ್ನು ಆರಿಸಿ. ಯಾರೋ ಸರದಿ ತಪ್ಪಿಸಿ ಮುಂದೆ ನುಗ್ಗಿದರು ಎಂಬಷ್ಟು ಸಣ್ಣದು.

ಹೆಜ್ಜೆ 5: ಉಸಿರು ಈಗ

ಉಸಿರನ್ನು ಬೇಕೆಂದೇ ಇಲ್ಲಿಯ ತನಕ ತಂದಿಲ್ಲ. ಗಾಬರಿಯಾದವರು ಆಗಲೇ ಜಾಸ್ತಿ ಉಸಿರಾಡುತ್ತಿರುತ್ತಾರೆ. ಅವರಿಗೆ ಇನ್ನೂ ಆಳವಾಗಿ ಎಳೆಯಿರಿ ಎಂದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಸುತ್ತಿ, ಬೆರಳು ಜುಮುಗುಟ್ಟುತ್ತವೆ. ಅಂದು ತರಗತಿಯಲ್ಲಿ ನನಗೆ ಆದದ್ದೂ ಹೀಗೆಯೇ ಇರಬೇಕು.

ಹೊರಬಿಡುವ ಉಸಿರಿನ ಕಡೆ ನೋಡಿ. ಒಳಗೆಳೆಯುವಾಗ ಹೃದಯದ ಬಡಿತ ಸ್ವಲ್ಪ ಏರುತ್ತದೆ, ಬಿಡುವಾಗ ಇಳಿಯುತ್ತದೆ. ಅದಕ್ಕೇ ಬಿಡುವುದನ್ನು ಉದ್ದ ಮಾಡುತ್ತೇವೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಎಳೆದು, ಆರು ಎಣಿಸುವಷ್ಟು ಹೊತ್ತು ಬಿಡಿ. ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಎಣಿಕೆ ಕಷ್ಟವಾದರೆ ಬಿಡುವಾಗ ಮೆಲ್ಲಗೆ 'ಹ್ಮ್‌ಮ್' ಎನ್ನಿ, ಉಸಿರು ತಾನೇ ಉದ್ದವಾಗುತ್ತದೆ.

ಇನ್ನೊಂದು ಬಗೆ ನಿಟ್ಟುಸಿರಿನದು. ಮೂಗಿನಿಂದ ಉಸಿರೆಳೆದು, ಅದರ ಮೇಲೆಯೇ ಇನ್ನೊಂದು ಚಿಕ್ಕ ಎಳೆತ ಸೇರಿಸಿ, ಬಾಯಿಂದ ಉದ್ದಕ್ಕೆ ಬಿಡುವುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೂ ಹೆಚ್ಚು ಜನ ಒಂದು ತಿಂಗಳು ದಿನಕ್ಕೆ 5 ನಿಮಿಷ ಬೇರೆ ಬೇರೆ ಉಸಿರಾಟ ಮತ್ತು ಧ್ಯಾನ ಮಾಡಿದರು. ಮನಸ್ಸಿನ ಉಲ್ಲಾಸ ಹೆಚ್ಚು ಏರಿದ್ದು ಈ ನಿಟ್ಟುಸಿರಿನ ಗುಂಪಿನಲ್ಲಿ. ಅವರು ಸಾಮಾನ್ಯ ಜನ, ಆಘಾತದ ರೋಗಿಗಳಲ್ಲ ಎಂಬುದು ನೆನಪಿರಲಿ. ನಿಮಗೆ ಎರಡು ಮೂರು ಸಲ ಮಾಡಿದರೆ ಸಾಕಾಗಬಹುದು.

ಹೆಜ್ಜೆ 6: ಸ್ನಾಯುವಿಗೆ ಕೆಲಸ

ಗೋಡೆಗೆ ಎರಡೂ ಅಂಗೈ ಇಟ್ಟು, ಮೊಣಕೈ ಸ್ವಲ್ಪ ಮಡಿಸಿ, ನಿಧಾನವಾಗಿ ತಳ್ಳಿ. ಭುಜ, ಬೆನ್ನು, ತೊಡೆ ಎಲ್ಲಾ ಒತ್ತು ಕೊಡುವುದನ್ನು ಗಮನಿಸಿ. ಹತ್ತು ಸೆಕೆಂಡಿನ ನಂತರ ಅಷ್ಟೇ ನಿಧಾನವಾಗಿ ಬಿಡಿ. ಅಂದು ತಳ್ಳಲು ಆಗದೆ ಹೋದ ಕೈಗೆ ತಳ್ಳುವ ಬಲ ಇದೆ ಎಂದು ಗೊತ್ತಾಗುವುದು ಸಣ್ಣ ಮಾತಲ್ಲ. ಕೆಲವರಿಗೆ ಇಲ್ಲಿ ಅಳು ಬರುತ್ತದೆ, ಕಾಲು ನಡುಗುತ್ತದೆ. ಬಂದರೆ ಬರಲಿ. ಬರಲೇಬೇಕು ಎಂದು ಮೈಯನ್ನು ಅಲುಗಾಡಿಸಬೇಡಿ.

ದಿನದ ಒತ್ತಡಕ್ಕೆ ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯರು 1920ರ ದಶಕದಲ್ಲಿ ಬೆಳೆಸಿದ ಹಳೆಯ ವಿಧಾನ ಈಗಲೂ ಚೆನ್ನಾಗಿದೆ. ಮುಷ್ಟಿಯನ್ನು ಐದು ಸೆಕೆಂಡು ಬಿಗಿದು, ಬಿಟ್ಟು, ಬಿಟ್ಟಾಗಿನ ಸಡಿಲವನ್ನು ಹದಿನೈದು ಸೆಕೆಂಡು ನೋಡುವುದು. ಆಮೇಲೆ ತೋಳು, ಭುಜ, ಮುಖ, ಹೊಟ್ಟೆ, ಕಾಲು. ಮಲಗುವ ಮೊದಲು ಹೇಳಿ ಮಾಡಿಸಿದ್ದು.

ಜಾಸ್ತಿಯಾಯಿತು ಅನ್ನಿಸಿದರೆ

ಉಸಿರು ಸಿಗುತ್ತಿಲ್ಲ, ಎಲ್ಲವೂ ದೂರ ಹೋದ ಹಾಗೆ, ಕನಸಿನ ಹಾಗೆ ಅನ್ನಿಸಿದರೆ ಅಭ್ಯಾಸವನ್ನು ಅಲ್ಲೇ ಬಿಡಿ. ಎದ್ದು ನಿಲ್ಲಿ. ಕಾಣುವ ಐದು ವಸ್ತುಗಳ ಹೆಸರನ್ನು ಗಟ್ಟಿಯಾಗಿ ಹೇಳಿ. ಮುಖಕ್ಕೆ ತಣ್ಣೀರು ಹಾಕಿಕೊಳ್ಳಿ, ಅದು ಎದೆಬಡಿತವನ್ನು ಇಳಿಸುತ್ತದೆ. ಮನೆಯಲ್ಲಿ ಓಡಾಡಿ, ಯಾರಿಗಾದರೂ ಫೋನ್ ಮಾಡಿ ಮಾಮೂಲಿ ವಿಷಯ ಮಾತಾಡಿ. ಮರುದಿನ ಒಂದನೆಯ ಹೆಜ್ಜೆಯಿಂದ ಶುರು ಮಾಡಿ, ಹೊತ್ತನ್ನು ಅರ್ಧಕ್ಕೆ ಇಳಿಸಿ. ಮತ್ತೆ ಮತ್ತೆ ಹೀಗಾದರೆ ಒಬ್ಬರೇ ಮಾಡುವುದನ್ನು ನಿಲ್ಲಿಸಿ, ಥೆರಪಿಸ್ಟ್ ಹುಡುಕಿ.

ಥೆರಪಿಸ್ಟ್‌ರನ್ನು ಆರಿಸುವಾಗ

ಮಾನಸಿಕ ಆರೋಗ್ಯದಲ್ಲಿ ಅವರ ಮೂಲ ಓದು ಏನು, ಮೈ ಆಧಾರಿತ ಥೆರಪಿಯಲ್ಲಿ ಎಷ್ಟು ತರಬೇತಿ ಆಗಿದೆ, ನಾನು ಕಂಗೆಟ್ಟರೆ ಏನು ಮಾಡುತ್ತೀರಿ ಎಂದು ನೇರವಾಗಿ ಕೇಳಿ. ವಾರಾಂತ್ಯದ ಒಂದು ಶಿಬಿರದ ಪ್ರಮಾಣಪತ್ರ ಇದಕ್ಕೆಲ್ಲ ಸಾಲದು.

ಮುಟ್ಟುವ ವಿಷಯದಲ್ಲಿ ಬಿಗಿಯಾಗಿರಿ. ಮುಟ್ಟದೆಯೇ ಈ ಥೆರಪಿ ಪೂರ್ತಿ ನಡೆಯಬಲ್ಲದು. ಮುಟ್ಟುವುದಾದರೆ ಎಲ್ಲಿ, ಯಾಕೆ, ಎಷ್ಟು ಹೊತ್ತು ಎಂದು ಮೊದಲೇ ಹೇಳಿ, ಪ್ರತಿ ಸಲ ಒಪ್ಪಿಗೆ ಕೇಳಬೇಕು. ಹೋದ ವಾರ ಹೂಂ ಅಂದವರು ಈ ವಾರ ಬೇಡ ಅನ್ನಬಹುದು. ಬೇಡ ಅಂದಾಗ ಮುಖ ಸಣ್ಣ ಮಾಡುವವರ ಹತ್ತಿರ ಮತ್ತೆ ಹೋಗಬೇಡಿ. ಮರೆತುಹೋದ ನೆನಪನ್ನು ಮೈಯಿಂದ ಹೊರತೆಗೆಯುತ್ತೇನೆ, ಮೂರೇ ಭೇಟಿಯಲ್ಲಿ ವಾಸಿ ಮಾಡುತ್ತೇನೆ ಎನ್ನುವವರಿಂದಲೂ ದೂರ ಇರಿ. ಮೈಯ ಅನುಭವ ಈಗಿನ ಸ್ಥಿತಿಯನ್ನು ಹೇಳುತ್ತದೆ. ಹಿಂದೆ ಇಂಥದ್ದೇ ನಡೆದಿತ್ತು ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಮನೆಯವರಿಗೆ ಒಂದು ಮಾತು. ಹಿಂದಿನಿಂದ ಬಂದು ದಿಢೀರ್ ಮುಟ್ಟಬೇಡಿ. 'ಪಕ್ಕದಲ್ಲಿ ಕೂರಲಾ?' ಎಂದು ಕೇಳಿ. ಏನಾಗಿತ್ತು ಎಂದು ಕೆದಕುವುದಕ್ಕಿಂತ ಜೊತೆಗೆ ನಾಲ್ಕು ಹೆಜ್ಜೆ ನಡೆಯುವುದು ಎಷ್ಟೋ ಮೇಲು.

ಸಣ್ಣದೊಂದು ಲೆಕ್ಕ ಇಟ್ಟುಕೊಳ್ಳಿ

ಭಯ ಹೋಯಿತೇ ಎಂದು ಅಳೆಯಲು ಹೋದರೆ ಬೇಸರ ಆಗುತ್ತದೆ. ಬೆಚ್ಚಿದ ಮೇಲೆ ಮಾಮೂಲಿಗೆ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ರಾತ್ರಿ ಎಷ್ಟು ಸಲ ಎಚ್ಚರ ಆಯಿತು, ಯಾವ ಜಾಗಕ್ಕೆ ಹೋಗದೆ ತಪ್ಪಿಸಿಕೊಂಡಿರಿ, ಇಷ್ಟನ್ನು ವಾರಕ್ಕೊಮ್ಮೆ ಒಂದೊಂದು ಸಾಲು ಬರೆದರೆ ಸಾಕು. ಎಂಟು ಹತ್ತು ವಾರವಾದರೂ ಆ ಸಾಲುಗಳು ಹಾಗೆಯೇ ಇದ್ದರೆ ಆ ಪುಸ್ತಕವನ್ನೇ ವೈದ್ಯರ ಮುಂದೆ ಇಡಿ, ನಿಮ್ಮ ಪರವಾಗಿ ಅದು ಮಾತಾಡುತ್ತದೆ.

ನನ್ನ ಪುಸ್ತಕದ ಮೊದಲ ಪುಟದಲ್ಲಿ 'ಬ್ರೇಕ್ ಸದ್ದು, ನಲವತ್ತು ನಿಮಿಷ' ಎಂದಿದೆ. ಮೂರನೆಯ ತಿಂಗಳ ಒಂದು ಸಾಲು ಹೀಗಿದೆ: 'ಬ್ರೇಕ್ ಸದ್ದು. ಭುಜ ಏರಿತು. ಸುತ್ತ ನೋಡಿದೆ, ಎಡಗಾಲಿನ ಹೆಬ್ಬೆರಳು ಸಿಕ್ಕಿತು. ಎರಡು ನಿಮಿಷ.'